ಬಜೆ ಎಲೆಯ ನೀಲಿ ಹೂ

ನಮ್ಮ ಸಾಗರದ ಕಡೆ ಮಳೆ ಹಿಡಿಯುವ ಮೊದಲು ಹೆಂಗಸರ ಕೈಚೀಲದಲ್ಲಿ ಒಂದೆರಡು ಡೇರೆ (ಡೇಲಿಯಾ) ಗೆಡ್ಡೆ ಇದ್ದೇ ಇರುತ್ತವೆ. ಮದುವೆಮನೆಗೆ ಹೋಗಲಿ, ತಿಥಿಮನೆಗೆ ಹೋಗಲಿ, ಊಟ ಮುಗಿದ ಮೇಲೆ ಹಿತ್ತಲಿಗೆ ಒಂದು ಸುತ್ತು ಹಾಕದೆ ಯಾರೂ ಬಸ್ಸು ಹತ್ತುವುದಿಲ್ಲ. ‘ನಿಮ್ಮನೆ ಕೆಂಪು ಮುದ್ದೆ ಡೇರೆದು ಒಂದು ಗೆಡ್ಡೆ ಕೊಡಿ, ನಮ್ಮನೆ ಬಿಳಿ ಅಂಚಿಂದು ತಂದಿದೀನಿ’ ಅನ್ನುವ ಮಾತಿನಲ್ಲಿ ಎಷ್ಟು ಸ್ನೇಹವೋ ಅಷ್ಟೇ ಲೆಕ್ಕಾಚಾರ. ಅಮ್ಮ ಹೀಗೆ ಕೂಡಿಸಿದ ಡೇರೆಗಳಿಗೆ ಗಿಡದ ಹೆಸರಿರಲಿಲ್ಲ, ಮನೆಯ ಹೆಸರಿತ್ತು. ಕೆಳಗಿನಮನೆ ಕೆಂಪು, ದೊಡ್ಡತ್ತೆ ಹಳದಿ, ಟೀಚರ ಮನೆ ನೇರಳೆ. ಚೌತಿ ಹಬ್ಬದ ಹೊತ್ತಿಗೆ ಅಂಗಳದಲ್ಲಿ ನೆಂಟರಿಷ್ಟರೆಲ್ಲ ಸೇರಿ ಮಳೆಯಲ್ಲಿ ತಲೆ ತೂಗುತ್ತ ನಿಂತಂತಿರುತ್ತಿತ್ತು.

ಆ ಡೇರೆ ಹುಚ್ಚನ್ನು ನಾನು ಮಿನೆಸೋಟಾಕ್ಕೂ ತಂದೆ. ನಾವಿರುವ ಭಾಗದಲ್ಲಿ ಮನೆ ಕಟ್ಟುವವರು ಅಡಿಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕು ಎಂಬ ನಿಯಮವಿದೆ. ಚಳಿಗಾಲದಲ್ಲಿ ನೆಲ ಅಷ್ಟು ಆಳದವರೆಗೂ ಹೆಪ್ಪುಗಟ್ಟಬಹುದು ಎಂಬ ಲೆಕ್ಕ ಅದು. ಅಂಥ ನೆಲದಲ್ಲಿ ಡೇರೆ ಗೆಡ್ಡೆ ಉಳಿಯುವುದು ಎಲ್ಲಿಂದ ಬಂತು! ಅಕ್ಟೋಬರಿನಲ್ಲಿ ಎಲೆ ಕಪ್ಪಾದ ಕೂಡಲೇ ಅಗೆದು, ಮಣ್ಣು ಕೊಡವಿ, ಮರದ ಹೊಟ್ಟಿನಲ್ಲಿ ಹುದುಗಿಸಿ ನೆಲಮಾಳಿಗೆಗೆ ಇಳಿಸಬೇಕು. ಏಪ್ರಿಲ್ಲಿನಲ್ಲಿ ತೆಗೆದು ನೋಡಿದರೆ ಅರ್ಧ ಕೊಳೆತಿರುತ್ತವೆ, ಅರ್ಧ ಒಣಗಿ ಚಕ್ಕೆಯಾಗಿರುತ್ತವೆ. ಐದು ವರ್ಷ ಹೀಗೆ ಮಾಡಿದೆ. ಆಮೇಲೆ ಒಂದು ಆಸೆ ಶುರುವಾಯಿತು. ಈ ನೆಲದಲ್ಲೇ ಚಳಿಗಾಲ ಕಳೆದು, ಈ ನೆಲದಲ್ಲೇ ಏಳುವ ಒಂದು ಹೂವು ನನ್ನ ಹಿತ್ತಲಿನಲ್ಲಿ ಇರಬೇಕು. ಅದು ಹಿಂಡಿಲಾಗಿ ಬೆಳೆಯಬೇಕು, ಕೊಡಲಿಕ್ಕೆ ಬರುವಂತಿರಬೇಕು.

ಅಂಥದೊಂದು ಹೂವನ್ನು ನಾನು ಒಂದು ಜೂನ್ ತಿಂಗಳಲ್ಲಿ ಕೆರೆಯ ದಡದ ಮನೆಯೊಂದರ ಮುಂದೆ ಕಂಡಿದ್ದೆ. ಸೊಂಟದೆತ್ತರದ ಸಪೂರ ಎಲೆಗಳ ದಟ್ಟ ಹಿಂಡಿಲು. ಅದರಿಂದ ಒಂದು ಗೇಣು ಮೇಲಕ್ಕೆ ಎದ್ದ ನೆಟ್ಟನೆಯ ಕಡ್ಡಿಗಳು. ಕಡ್ಡಿಯ ತುದಿಯಲ್ಲಿ ಗಾಢ ನೀಲಿ ಹೂಗಳು, ಗಾಳಿಗೆ ಹಾರಿಹೋದಾವು ಅನ್ನಿಸುವಂತೆ. ಎಷ್ಟು ಹೂ ಇದ್ದವೆಂದರೆ ಎಣಿಸಲು ನಿಂತವಳು ನಲವತ್ತು ದಾಟಿದ ಮೇಲೆ ಬಿಟ್ಟೆ. ಸೈಬೀರಿಯನ್ ಐರಿಸ್ ಅಂದರು ಮನೆಯವರು. ಹೆಸರು ಕೇಳಿಯೇ ಧೈರ್ಯ ಬಂತು. ಸೈಬೀರಿಯಾದ ಚಳಿ ಕಂಡದ್ದಕ್ಕೆ ನಮ್ಮ ಜನವರಿ ಯಾವ ಲೆಕ್ಕ?

ಮೊದಲ ಗಿಡ ಅಂಚೆಯಲ್ಲಿ ಬಂತು. ನರ್ಸರಿಯವರು ಬೇರನ್ನು ಒಣ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ತೂತು ಹೊಡೆದು ಕಳಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ ‘ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲಿಗೆ ಕಾಣುವಂತೆ ನೆಡಿ’ ಎಂದು ಬರೆದಿತ್ತು. ಅದು ಗಡ್ಡದ ಐರಿಸ್‌ಗೆ ಬರೆದ ಚೀಟಿ. ಆ ಜಾತಿಯ ಕೆಳ ಎಸಳಿನ ಮೇಲೆ ಕಂಬಳಿಹುಳದ ಹಾಗೆ ರೋಮದ ಸಾಲೊಂದಿರುತ್ತದೆ, ಶುಂಠಿಯಂಥ ದಪ್ಪ ಗೆಡ್ಡೆ ಬಿಸಿಲು ಕಾಯುತ್ತ ಮಲಗಿರುತ್ತದೆ. ಸೈಬೀರಿಯನ್ ಐರಿಸ್‌ಗೆ ಗಡ್ಡವಿಲ್ಲ. ಅದರ ಗೆಡ್ಡೆ ಬೆರಳಿನಷ್ಟು ಸಣ್ಣದು, ಬೇರು ತೆಳ್ಳಗೆ ನಾರಿನಂತೆ, ಒಂದು ದಿನವೂ ಒಣಗಬಾರದು. ನಾನು ಚೀಟಿಯನ್ನು ನಂಬಿದೆ. ಅದನ್ನು ಮೇಪಲ್ ಮರದ ಬುಡದಲ್ಲಿ ನೆಟ್ಟೆ. ಮೇಪಲ್‌ನ ಬೇರು ಎಲ್ಲಿ ನೀರಿದ್ದರೂ ತನ್ನ ಪಾಲು ಮೊದಲು ಹೀರಿಬಿಡುತ್ತದೆ. ಆಗಸ್ಟ್ ಪೂರ್ತಿ ಗಿಡ ತಿಣುಕಿತು. ಮಾರ್ಚಿನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು ಉಬ್ಬಿ ಉಬ್ಬಿ, ಬೇರು ಬಿಡದ ಆ ಗೆಡ್ಡೆಯನ್ನು ನೆಲದಿಂದ ಹೊರಕ್ಕೆ ತಳ್ಳಿತ್ತು. ಎತ್ತಿದರೆ ಕೈಗೆ ಹಗುರವಾಗಿ ಬಂತು. ಬೇಸರವಾಯಿತು. ಹಣಕ್ಕಿಂತ ಹೆಚ್ಚಾಗಿ, ಜೀವವಿದ್ದದ್ದನ್ನು ತರಿಸಿಕೊಂಡು ಸಾಯಿಸಿದೆನಲ್ಲ ಎಂದು.

ಪಕ್ಕದ ಮನೆಯ ಹಿರಿಯಾಕೆ ಆ ಖಾಲಿ ಜಾಗವನ್ನು ನೋಡಿದ್ದರೆಂದು ಕಾಣುತ್ತದೆ. ಮೇ ತಿಂಗಳ ಒಂದು ಸಂಜೆ ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಹಿಂಡಿಲ ತುಂಡನ್ನು ಬೇಲಿಯ ಮೇಲಿಂದ ಚಾಚಿದರು. ಎಂಟೋ ಹತ್ತೋ ಮೊಳಕೆ, ಹಿಡಿಮಣ್ಣು, ಒದ್ದೆ ಬೇರು. ಹೆಸರು ಕೇಳಿದೆ, ಗೊತ್ತಿಲ್ಲ, ಅತ್ತೆ ಕೊಟ್ಟದ್ದು ಅಂದರು. ನನಗೆ ಒಂದು ಗಳಿಗೆ ಸಾಗರದ ಯಾವುದೋ ಹಿತ್ತಲಲ್ಲಿ ನಿಂತ ಹಾಗಾಯಿತು. ಬದಲಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ನೆಲಮಾಳಿಗೆಗೆ ಓಡಿ ಉಳಿದ ಡೇರೆ ಗೆಡ್ಡೆಗಳಲ್ಲಿ ಗಟ್ಟಿಯಾಗಿದ್ದ ಎರಡನ್ನು ಆರಿಸಿ ತಂದುಕೊಟ್ಟೆ.

ನೆಡುವುದನ್ನು ಅವರೇ ತೋರಿಸಿದರು. ಅರ್ಧ ದಿನಕ್ಕೆ ಕಡಿಮೆಯಿಲ್ಲದ ಬಿಸಿಲು ಬೇಕು. ನೀರು ಬೇಕು, ಆದರೆ ಬುಡ ನೀರಿನಲ್ಲಿ ಕೂತಿರಬಾರದು. ನಮ್ಮ ಮನೆಯ ಮಾಡಿನ ನೀರು ಬೀಳುವ ಮೂಲೆಯಿಂದ ಎರಡು ಮಾರು ಆಚೆಗೆ, ಹುಲ್ಲು ಯಾವಾಗಲೂ ಸ್ವಲ್ಪ ಹೆಚ್ಚು ಹಸಿರಾಗಿರುವ ಇಳಿಜಾರೊಂದಿದೆ. ಅದೇ ಸರಿ ಅಂದರು. ಮೊಳಕೆಯ ಬುಡ ಮಣ್ಣಿನೊಳಗೆ ಒಂದೂವರೆ ಇಂಚು ಇಳಿಯಬೇಕು, ಎಂದರೆ ಬೆರಳಿನ ಒಂದು ಗಂಟು ದಾಟಿ ಇನ್ನಷ್ಟು. ಮಣ್ಣಿಗೆ ಸ್ವಲ್ಪ ಹುಳಿ ಇದ್ದರೆ ಇದಕ್ಕೆ ಖುಷಿ. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಆ ಹುಳಿ ತಾನಾಗಿ ಇರುತ್ತದೆ, ಇಲ್ಲಿಯ ಮಣ್ಣಿಗೆ ನಾನು ಕೊಳೆತ ಎಲೆಗೊಬ್ಬರ ಸೇರಿಸಿದೆ. ಮೊದಲ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ನೀರು. ಮೊದಲ ಚಳಿಗಾಲಕ್ಕೆ ಮಾತ್ರ ಮೇಲೊಂದು ಹೊದಿಕೆ ಒಣಹುಲ್ಲು, ಮಣ್ಣು ಉಬ್ಬಿ ಗಿಡವನ್ನು ಎತ್ತಿ ಹಾಕದಿರಲೆಂದು. ಆಮೇಲೆ ಅದೂ ಬೇಡ.

‘ಇನ್ನು ಇದನ್ನು ಮುಟ್ಟಬೇಡ’ ಅಂದರು. ನಿಜಕ್ಕೂ ಕಷ್ಟವಾದದ್ದು ಅದೇ. ಮೊದಲ ವರ್ಷ ಎಲೆ ಬಿಟ್ಟರೆ ಏನೂ ಇಲ್ಲ. ಎರಡನೆಯ ವರ್ಷ ಒಂದೇ ಕಡ್ಡಿ, ಎರಡು ಹೂ. ಅಷ್ಟರಲ್ಲಿ ಜಾಗ ಬದಲಿಸೋಣವೇ, ಗೊಬ್ಬರ ಕಡಿಮೆಯಾಯಿತೇ ಎಂದು ಕೈ ತುರಿಸುತ್ತಿತ್ತು. ಮೂರನೆಯ ವರ್ಷ ಏಪ್ರಿಲ್ ಕೊನೆಗೆ ಹಿಮ ಕರಗಿದ ಕಪ್ಪು ಮಣ್ಣಿನಿಂದ ನೇರಳೆ ತುದಿಯ ಮೊಳಕೆಗಳು ಒತ್ತೊತ್ತಾಗಿ ಎದ್ದವು. ಬತ್ತದ ಅಗೆಮಡಿಯ ಹಾಗೆ. ಜೂನ್ ಮೊದಲ ವಾರದಲ್ಲಿ ಹತ್ತೊಂಬತ್ತು ಕಡ್ಡಿ ಎಣಿಸಿದೆ.

ಹೂ ಅರಳುವುದನ್ನು ನೋಡಬೇಕೆಂದು ಬೆಳಗಿನ ಐದಕ್ಕೇ ಎದ್ದು ಕೂತೆ. ಜೂನಿನಲ್ಲಿ ಇಲ್ಲಿ ಆಗಲೇ ಬೆಳಕು ಹರಿದಿರುತ್ತದೆ. ಹಿಂದಿನ ಸಂಜೆ ಮೊಗ್ಗು, ಕಂದು ಕಾಗದದಂಥ ಪೊರೆಯಿಂದ ಹೊರಬಂದು, ಮಸಿಕುಡಿಕೆಯಲ್ಲಿ ಅದ್ದಿ ತೆಗೆದ ಕುಂಚದ ಹಾಗೆ ಮೊನಚಾಗಿ ಸುತ್ತಿಕೊಂಡಿತ್ತು. ಈಗ ಸುತ್ತು ಸಡಿಲವಾಗಿದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಕಾಫಿ ಲೋಟ ಆರುತ್ತದೆ. ಆಮೇಲೆ ಹೊರಗಿನ ಒಂದು ಎಸಳು ಸಣ್ಣಗೆ ನಡುಗಿ, ಬಿಗಿ ತಪ್ಪಿ, ಹೊರಕ್ಕೆ ಬಾಗುತ್ತದೆ. ಮತ್ತೊಂದು. ಮೂರನೆಯದು ತುದಿಯಲ್ಲಿ ಸಿಕ್ಕಿಕೊಂಡು ಸ್ವಲ್ಪ ತಡೆದು, ಪಟಕ್ಕನೆ ಬಿಡಿಸಿಕೊಳ್ಳುತ್ತದೆ. ಕಡ್ಡಿಯೇ ಅಲುಗುತ್ತದೆ.

ಕೆಳಗೆ ಬಾಗಿದ ಈ ಮೂರು ಎಸಳುಗಳ ಮೇಲೆಯೇ ಹೂವಿನ ಚಿತ್ರಕಲೆಯೆಲ್ಲ ಇರುವುದು. ಗಂಟಲ ಬಳಿ ಬಿಳಿಯೂ ತೆಳು ಹಳದಿಯೂ ಕೂಡಿದ ಒಂದು ಮಚ್ಚೆ, ಅದರ ಮೇಲೆ ಕಡು ನೀಲಿ ಗೆರೆಗಳ ಜಾಲ. ಕಣ್ಣು ಹತ್ತಿರ ತಂದರೆ ಒಂದೊಂದು ಗೆರೆಯೂ ಕವಲೊಡೆದು, ಕವಲು ಮತ್ತೆ ಕವಲೊಡೆದು, ಅಂಚಿಗೆ ಬರುವಷ್ಟರಲ್ಲಿ ನೀಲಿಯಲ್ಲಿ ನೀಲಿಯಾಗಿ ಕರಗುತ್ತದೆ. ಮುದುಕರ ಮುಂಗೈ ಮೇಲಿನ ನರ ಹೀಗೇ ಕಾಣುತ್ತದೆ. ಒಳಗಿನ ಮೂರು ಎಸಳು ಕಿರಿದು, ನೆಟ್ಟಗೆ ನಿಂತಿರುತ್ತವೆ, ಗೆರೆಗಳ ಗೊಡವೆ ಅವಕ್ಕಿಲ್ಲ. ನಡುವೆ ಇನ್ನೂ ಮೂರಿವೆ. ನೋಡಿದರೆ ಅವೂ ಎಸಳೇ ಎಂದು ಅನ್ನಿಸುತ್ತದೆ. ಅವು ಎಸಳಲ್ಲ, ಹೂವಿನ ಶಲಾಕೆಯ ಮೂರು ತೋಳುಗಳು. ಒಂದೊಂದು ತೋಳೂ ಕೆಳ ಎಸಳಿನ ಮೇಲೆ ಬಾಗಿ ಗುಡಿಯ ಮುಂಭಾಗದ ಪುಟ್ಟ ಮಂಟಪದ ಹಾಗೆ ಚಾವಣಿ ಹಾಕಿದೆ. ಈ ಚಾವಣಿಯ ಅಡಿಯಲ್ಲಿ ಕೇಸರ ಅಡಗಿದೆ.

ಬಿಸಿಲು ಬಿದ್ದ ಮೇಲೆ ದೊಡ್ಡ ರೋಮದ ದುಂಬಿ ಬಂತು. ಮಚ್ಚೆಯ ಮೇಲೆ ಇಳಿದು, ಗೆರೆಗಳ ಜಾಡು ಹಿಡಿದು, ಬೆನ್ನಿನಿಂದ ಚಾವಣಿಯನ್ನು ಎತ್ತಿ ಒಳಗೆ ನುಗ್ಗಿತು. ಒಳಗೆ ಹೋಗುವಾಗ ಚಾವಣಿಯ ಅಂಚಿನಲ್ಲಿರುವ ಸಣ್ಣ ನಾಲಗೆಯಂಥ ತುಟಿ ದುಂಬಿಯ ಬೆನ್ನನ್ನು ಸವರಿ, ಬೇರೆ ಹೂವಿನಿಂದ ತಂದ ಪರಾಗವನ್ನು ತೆಗೆದುಕೊಳ್ಳುತ್ತದೆ. ಒಳಗೆ ಕೇಸರದಿಂದ ಹೊಸ ಪರಾಗ ಬೆನ್ನಿಗೆ ಅಂಟುತ್ತದೆ. ಹಿಂದೆ ಸರಿದು ಬರುವಾಗ ಆ ತುಟಿ ಮೇಲಕ್ಕೆ ಮಡಚಿಕೊಳ್ಳುವುದರಿಂದ ತನ್ನದೇ ಪರಾಗ ತನಗೆ ತಾಗುವುದಿಲ್ಲ. ನಮಗೆ ಒಂದು ಹೂವಾಗಿ ಕಾಣುವುದು ದುಂಬಿಯ ಪಾಲಿಗೆ ಮೂರು ಬಾಗಿಲಿನ ಮೂರು ಹೂವು. ನನ್ನ ದುಂಬಿ ಎರಡು ಬಾಗಿಲು ಮುಗಿಸಿ, ಮೂರನೆಯದನ್ನು ಬಿಟ್ಟು ಪಕ್ಕದ ಕಡ್ಡಿಗೆ ಹಾರಿತು. ಮೂರನೆಯ ಬಾಗಿಲಿಗೆ ಯಾರು ಬಂದರೆಂದು ನೋಡಲು ಒಂಬತ್ತು ಗಂಟೆಯವರೆಗೂ ಕೂತೆ, ಕೆಲಸಕ್ಕೆ ತಡವಾಯಿತು.

ಒಂದು ಹೂವಿನ ಆಯುಷ್ಯ ಎರಡು ದಿನ, ತಂಪಿದ್ದರೆ ಮೂರು. ಆದರೆ ಒಂದೊಂದು ಕಡ್ಡಿಯಲ್ಲೂ ಎರಡೋ ಮೂರೋ ಮೊಗ್ಗು ಸರದಿ ಕಾಯುತ್ತಿರುತ್ತವೆ. ಹಿಂಡಿಲು ದೊಡ್ಡದಾದಷ್ಟೂ ಹಬ್ಬ ಉದ್ದ. ನಮ್ಮಲ್ಲಿ ಎರಡು ವಾರ, ಒಳ್ಳೆಯ ವರ್ಷ ಮೂರು. ಜಿಂಕೆ, ಮೊಲ ಇದರ ತಂಟೆಗೆ ಹೆಚ್ಚು ಬರುವುದಿಲ್ಲ. ಹೂದೋಟ ಮಾಡಿದವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು. ನಮ್ಮ ಟುಲಿಪ್‌ಗಳನ್ನೆಲ್ಲ ಮೊಲ ಮೊಗ್ಗಿನಲ್ಲೇ ಮುಗಿಸಿತ್ತು.

ಸೈಬೀರಿಯಾದ್ದು ಎಂಬ ಮಾತನ್ನು ನಾನು ಆಮೇಲೆ ಸ್ವಲ್ಪ ತಿದ್ದಿಕೊಂಡೆ. ಐರಿಸ್ ಸಿಬಿರಿಕಾ ಎಂದು 1753ರಲ್ಲಿ ಹೆಸರಿಟ್ಟವನು ಲಿನೇಯಸ್. ಆದರೆ ಆ ಗಿಡದ ತವರಿನ ಬಹುಪಾಲು ಇರುವುದು ಯುರೋಪಿನಲ್ಲಿ. ನಡು ಯುರೋಪಿನ ಜೌಗು ಹುಲ್ಲುಗಾವಲುಗಳಿಂದ ಹಿಡಿದು ಪೂರ್ವಕ್ಕೆ ಸೈಬೀರಿಯಾದ ಪಶ್ಚಿಮ ಭಾಗದವರೆಗೆ ಅದು ಹರಡಿದೆ. ಅದರಾಚೆ, ಬೈಕಲ್ ಸರೋವರದ ಸುತ್ತಿನಿಂದ ಕೊರಿಯಾ, ಜಪಾನಿನವರೆಗೆ ಇರುವುದು ಅದರ ತಂಗಿ ಐರಿಸ್ ಸಾಂಗ್ವಿನಿಯಾ. ಇಂದು ಹಿತ್ತಲುಗಳಲ್ಲಿ ಸೈಬೀರಿಯನ್ ಎಂಬ ಹೆಸರಿನಲ್ಲಿ ಅರಳುವವು ಹೆಚ್ಚಾಗಿ ಈ ಅಕ್ಕತಂಗಿಯರ ಬೆರಕೆ ಸಂತಾನ.

ಜರ್ಮನಿಯ ದಕ್ಷಿಣದಲ್ಲಿ, ಕಾನ್ಸ್‌ಟನ್ಸ್ ಸರೋವರದ ದಡದಲ್ಲಿ ಎರಿಸ್ಕಿರ್ಷ್ ಎಂಬ ಊರಿದೆ. ಅಲ್ಲಿಯ ಜೌಗಿನಲ್ಲಿ ಮೇ ಕೊನೆಗೆ ಈ ಹೂವು ನೆಲಕ್ಕೆ ನೀಲಿ ಹಾಸಿದಂತೆ ಅರಳುತ್ತದೆ. ಅದು ಅಲ್ಲಿ ಉಳಿದದ್ದು ಹೇಗೆಂದು ಓದಿದಾಗ ನನಗೆ ಕೊಟ್ಟಿಗೆಗೆ ಹಾಸಲು ಸೊಪ್ಪು ತರುತ್ತಿದ್ದ ನಮ್ಮ ಸೊಪ್ಪಿನಬೆಟ್ಟ ನೆನಪಾಯಿತು. ಆ ಸೀಮೆಯ ರೈತರು ಈ ಜೌಗು ಹುಲ್ಲನ್ನು ದನಕ್ಕೆ ಮೇವಾಗಿ ಕೊಯ್ಯುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ಕೊಯ್ಯುತ್ತಿದ್ದರು. ಹಾಸಿಗೆ ಹುಲ್ಲು ಎಳತಾಗಿರಬೇಕಿಲ್ಲ, ಒಣಗಿದ್ದರೇ ಒಳ್ಳೆಯದು. ಹಾಗಾಗಿ ಕೊಯ್ಲು ವರ್ಷಕ್ಕೊಂದೇ, ಅದೂ ಬೇಸಿಗೆ ಮುಗಿದ ಮೇಲೆ. ಅಷ್ಟರಲ್ಲಿ ಐರಿಸ್ ಹೂ ಬಿಟ್ಟು, ಕಾಯಿ ಬಲಿತು, ಬೀಜ ಉದುರಿಸಿ ಆಗಿರುತ್ತಿತ್ತು. ದನದ ಕಾಲಡಿಯ ಹಾಸು ಒಂದು ಹೂವನ್ನು ನೂರಾರು ವರ್ಷ ಕಾಪಾಡಿದೆ! ಕೊಟ್ಟಿಗೆಗೆ ಹುಲ್ಲು ತಂದು ಹಾಸುವುದು ನಿಂತ ಕಡೆ, ಜೌಗಿಗೆ ಕಾಲುವೆ ತೋಡಿ ಒಣಗಿಸಿದ ಕಡೆ ಈ ಹೂವೂ ಕಡಿಮೆಯಾಗುತ್ತ ಬಂತು. ಈಗ ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ. ನಮ್ಮ ಸೊಪ್ಪಿನಬೆಟ್ಟದಲ್ಲಿ ಹಾಗೆ ಯಾವ ಯಾವ ಹೂ ಉಳಿದುಕೊಂಡಿದ್ದವೋ, ಹಾಸಿಗೆ ಸೊಪ್ಪು ಕೊಯ್ಯುವವರೇ ಇಲ್ಲದ ಈ ಕಾಲದಲ್ಲಿ ಯಾವುವು ಹೋದವೋ. ಅಮ್ಮನ ತಲೆಮಾರಿನವರನ್ನು ಕೂರಿಸಿಕೊಂಡು ಯಾರಾದರೂ ಬರೆದಿಡಬೇಕು.

ಅಮ್ಮ ಬಂದದ್ದು ನನ್ನ ಹಿಂಡಿಲಿಗೆ ಐದು ವರ್ಷ ತುಂಬಿದಾಗ. ಮೇ ಕೊನೆಗೆ ಬಂದಿಳಿದಳು, ಹೂ ಇನ್ನೂ ಮೊಗ್ಗಿನಲ್ಲಿತ್ತು. ಮರುದಿನ ಬೆಳಿಗ್ಗೆ ಶಾಲು ಹೊದ್ದು ಹಿತ್ತಲಿಗೆ ಹೋದವಳು ಎಲೆಯ ಮುಂದೆ ನಿಂತಳು. ಒಂದು ಎಲೆಯನ್ನು ಬುಡದಿಂದ ತುದಿಗೆ ಎರಡು ಬೆರಳಲ್ಲಿ ನೀವಿದಳು. ತುದಿ ಚಿವುಟಿ, ಅಂಗೈಯಲ್ಲಿ ಹೊಸಕಿ ಮೂಸಿದಳು.

‘ಬಜೆ ಅಂದ್ಕಂಡಿದ್ದೆ. ಗಮವೇ ಇಲ್ಲ’ ಅಂದಳು.

ನಾನು ನಿಂತಲ್ಲೇ ನಿಂತೆ. ನಮ್ಮ ಬಾವಿಕಟ್ಟೆಯ ಹಿಂದೆ, ಬಚ್ಚಲ ನೀರು ಹೋಗುವ ತೋಡಿನಲ್ಲಿ ಬಜೆ ಇತ್ತು. ಮಕ್ಕಳಿಗೆ ಮಾತು ಸ್ಪಷ್ಟವಾಗಿ ಬರಲೆಂದು ಅದರ ಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು ನಾಲಗೆಗೆ ಸವರುತ್ತಿದ್ದರು. ನನಗೂ ಸವರಿದ್ದಾರೆ. ಆ ಎಲೆ ಹೀಗೇ, ಕತ್ತಿಯಂತೆ, ಮಡಿಸಿದ ಬೀಸಣಿಗೆಯ ಹಾಗೆ ಒಂದರೊಳಗೊಂದು ಸೇರಿಕೊಂಡು ಏಳುತ್ತದೆ. ಐದು ವರ್ಷ ದಿನಾ ನೋಡಿದರೂ ನನಗೆ ಹೊಳೆದಿರಲಿಲ್ಲ. ಅಮ್ಮನ ಕಣ್ಣು ಒಂದೇ ನಿಮಿಷದಲ್ಲಿ ಹಿಡಿದದ್ದನ್ನು ಸಸ್ಯಶಾಸ್ತ್ರಜ್ಞರೂ ಹಿಂದೆಯೇ ಹಿಡಿದಿದ್ದಾರೆ. ಬಜೆಯ ಶಾಸ್ತ್ರೀಯ ಹೆಸರು ಅಕೋರಸ್. ಯುರೋಪಿನ ಕೆರೆಯಂಚಿನಲ್ಲಿ ಬೆಳೆಯುವ ಹಳದಿ ಐರಿಸ್‌ಗೆ ಅವರಿಟ್ಟ ಹೆಸರು ಐರಿಸ್ ಸೂಡಅಕೋರಸ್. ‘ಬಜೆಯಂತೆ ಕಂಡು ಬಜೆಯಲ್ಲದ್ದು’ ಎಂದೇ ಅದರ ಅರ್ಥ. ಬಜೆಗೂ ಐರಿಸ್‌ಗೂ ಹತ್ತಿರದ ನಂಟಿಲ್ಲ. ಐರಿಸ್‌ನ ನಿಜವಾದ ನೆಂಟರು ಕೇಸರಿ ಮತ್ತು ಗ್ಲಾಡಿಯೋಲಸ್. ಇದನ್ನು ಹೇಳಿದರೆ ಅಮ್ಮ, ‘ಕೇಸರಿಯ ಮನೆತನವಾ? ಹಾಗಾರೆ ಗಮ ಇಲ್ದಿದ್ರೂ ಅಡ್ಡಿಲ್ಲ’ ಅಂದಳು. ಹೂ ಅರಳಿದ ದಿನ ಮೊದಲ ಮೂರನ್ನು ಕೇಳದೆಯೇ ಕೊಯ್ದು ದೇವರಿಗೆ ಏರಿಸಿದಳು. ನಾನು ಒಂದೂ ಕೊಯ್ದವಳಲ್ಲ. ಆದರೆ ಆ ದಿನ ದೇವರ ಮುಂದೆ ಆ ನೀಲಿ, ದೀಪದ ಬೆಳಕಿನಲ್ಲಿ ನೇರಳೆಗೆ ತಿರುಗಿದ್ದನ್ನು ನೋಡಿದ ಮೇಲೆ ಪ್ರತಿ ವರ್ಷ ಮೊದಲ ಮೂರು ಅಲ್ಲಿಗೇ ಹೋಗುತ್ತವೆ.

ಪಕ್ಕದ ಮನೆಯವರು ಕೊಟ್ಟ ನನ್ನ ಹಿಂಡಿಲಿನ ಹೆಸರು ಸೀಸರ್ಸ್ ಬ್ರದರ್ ಇರಬಹುದೆಂದು ತಿಳಿದವರೊಬ್ಬರು ಹೇಳಿದರು. ಮಾಂಟ್ರಿಯಾಲಿನ ಕ್ಲೀವ್‌ಲೆಂಡ್ ಮಾರ್ಗನ್ 1930ರ ದಶಕದ ಮೊದಲಲ್ಲಿ ಬೆಳೆಸಿದ ತಳಿ. ತೊಂಬತ್ತು ವರ್ಷಗಳಾದರೂ ಉತ್ತರ ಅಮೆರಿಕದ ಹಿತ್ತಲುಗಳಲ್ಲಿ ಅತಿ ಹೆಚ್ಚು ಕಾಣುವ ಸೈಬೀರಿಯನ್ ಬಹುಶಃ ಇದೇ. ಇಷ್ಟು ಕೈ ದಾಟಿದ ಗಿಡಕ್ಕೆ ಚೀಟಿ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ನಾನು ಅದನ್ನು ಬೇಲಿಯಾಚೆ ನೀಲಿ ಅನ್ನುತ್ತೇನೆ.

ಆದರೂ ಎರಡು ತಳಿಗಳನ್ನು ಹೆಸರು ಕೇಳಿಯೇ ತಂದೆ. ಒಂದು ವೈಟ್ ಸ್ವರ್ಲ್, 1957ರದು, ಫ್ರೆಡ್ ಕ್ಯಾಸೆಬೀರ್ ಬೆಳೆಸಿದ್ದು. ಅದಕ್ಕಿಂತ ಹಿಂದಿನ ಸೈಬೀರಿಯನ್‌ಗಳ ಕೆಳ ಎಸಳು ನೇತುಬಿದ್ದಿರುತ್ತಿದ್ದವು. ಇದರವು ಅಗಲವಾಗಿ, ದುಂಡಗೆ, ತಟ್ಟೆ ಹಿಡಿದಂತೆ ಹರಡಿಕೊಂಡವು. ಆಮೇಲೆ ಬಂದ ಹೊಸ ತಳಿಗಳಲ್ಲಿ ಬಹಳಷ್ಟು ಈ ಒಂದು ಬಿಳಿ ಹೂವಿನ ಮೊಮ್ಮಕ್ಕಳು, ಮರಿಮಕ್ಕಳು. ನನಗೆ ಮಾತ್ರ, ಹೊಸ ಹೂಗಳು ಎಷ್ಟು ದೊಡ್ಡವಾದರೂ, ಹಳೆಯ ತಳಿಯ ಆ ಜಾರಿದ ಎಸಳಿನ ಸೊಗಸೇ ಹೆಚ್ಚು. ಗಾಳಿ ಬಂದಾಗ ಅಲುಗುವುದು ಅದು.

ಎರಡನೆಯದು ಬಟರ್ ಆಂಡ್ ಶುಗರ್. ಮೇಲೆ ಬಿಳಿ, ಕೆಳಗೆ ಬೆಣ್ಣೆಯ ಹಳದಿ. ಇದನ್ನು ಬೆಳೆಸಿದ ಕರಿಯರ್ ಮೆಕ್‌ಎವನ್ ಹುಟ್ಟಿದ್ದು 1902ರಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಡೀನ್ ಆಗಿದ್ದವರು, ಸಂಧಿವಾತದ ತಜ್ಞರು. ಐವತ್ತು ದಾಟಿದ ಮೇಲೆ ಐರಿಸ್‌ಗೆ ಕೈಹಾಕಿ, ನೂರೊಂದನೆಯ ವಯಸ್ಸಿನಲ್ಲಿ 2003ರಲ್ಲಿ ತೀರಿಕೊಂಡರು. ಅಂದರೆ ತಡವಾಗಿ ಹಿಡಿದ ಕೆಲಸವನ್ನೂ ಹೆಚ್ಚುಕಡಿಮೆ ಅರ್ಧ ಶತಮಾನ ಮಾಡಿದ್ದಾರೆ. ಅವರ ದೊಡ್ಡ ಕೆಲಸ ಇನ್ನೊಂದು. ಸೈಬೀರಿಯನ್ ಐರಿಸ್‌ನ ಒಂದೊಂದು ಕೋಶದಲ್ಲಿ 28 ವರ್ಣತಂತುಗಳು. ಮೆಕ್‌ಎವನ್ ಎಳೆಯ ಸಸಿಗಳಿಗೆ ಕೊಲ್ಚಿಸಿನ್ ಎಂಬ ರಸಾಯನ ಹಚ್ಚಿ ಅದನ್ನು 56 ಮಾಡಿದರು. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಕೊಲ್ಚಿಸಿನ್ ಅಡ್ಡ ಬರುತ್ತದೆ. ವರ್ಣತಂತುಗಳು ಇಮ್ಮಡಿಯಾಗಿರುತ್ತವೆ, ಕೋಶ ಮಾತ್ರ ಒಡೆಯುವುದಿಲ್ಲ. ಸಸಿ ಬದುಕಿದರೆ ಎಲೆ ದಪ್ಪ, ಹೂವು ದೊಡ್ಡದು, ಬಣ್ಣ ಗಾಢ. ಬಹುಪಾಲು ಸಸಿಗಳು ಬದುಕುವುದಿಲ್ಲ, ಅದು ವಿಷ. ಉಳಿದವುಗಳಿಂದ ಹುಟ್ಟಿದ ಮೊದಲ ಎರಡು ತಳಿಗಳು, ಆರ್ವಿಲ್ ಫೇ ಮತ್ತು ಫೋರ್‌ಫೋಲ್ಡ್ ವೈಟ್, 1970ರಲ್ಲಿ ಹೊರಬಂದವು.

ಕೊಲ್ಚಿಸಿನ್ ಎಂಬ ಹೆಸರು ನನಗೆ ಹೊಸದಾಗಿರಲಿಲ್ಲ. ಅಪ್ಪನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ನರಳುತ್ತಿದ್ದಾಗ ಡಾಕ್ಟರು ಬರೆದುಕೊಡುತ್ತಿದ್ದ ಪುಟ್ಟ ಮಾತ್ರೆ ಅದೇ. ಸಂಧಿವಾತದ ವೈದ್ಯರ ಕೈಯಲ್ಲೇ ಆ ಮದ್ದು ಹೂವಿಗೂ ತಗಲಿದ್ದು ಎಷ್ಟು ಸಹಜ! ಅದು ಸಿಗುವುದು ಯುರೋಪಿನ ಶರತ್ಕಾಲದ ಕ್ರೋಕಸ್ ಅನ್ನುವ ಗಿಡದಲ್ಲಿ. ನಮ್ಮ ಬೇಲಿಯ ಗೌರಿ ಹೂವಿನಲ್ಲೂ ಇದೆ. ಎಲೆಯ ತುದಿಯನ್ನೇ ಸುರುಳಿ ಮಾಡಿ ಬೇಲಿ ಹತ್ತುವ, ಭಾದ್ರಪದದಲ್ಲಿ ಕೆಂಪು ಹಳದಿ ಉರಿಯಂತೆ ಅರಳುವ ಆ ಗೌರಿ ಹೂ. ಕೊಯ್ದ ಮೇಲೆ ಕೈ ತೊಳಿ, ಗೆಡ್ಡೆ ಮುಟ್ಟಬೇಡ, ವಿಷ ಎಂದು ಅಮ್ಮ ಗದರುತ್ತಿದ್ದಳು. ಗೌರಮ್ಮನ ತಲೆಗೆ ಮುಡಿಸುತ್ತಿದ್ದ ಹೂವಿನ ವಿಷವೂ, ಅಪ್ಪನ ಕಾಲಿನ ಮದ್ದೂ, ಮೆಕ್‌ಎವನ್ ಅವರ ಸೈಬೀರಿಯನ್ ಐರಿಸ್‌ಗಳನ್ನು ಇಮ್ಮಡಿಸಿದ್ದೂ ಒಂದೇ ವಸ್ತು ಎಂದು ತಿಳಿದ ದಿನ ನಾನು ಬಹಳ ಹೊತ್ತು ಬೇರೇನೂ ಮಾಡಲಿಲ್ಲ.

ಏಳನೆಯ ವರ್ಷ ಹಿಂಡಿಲಿನ ನಡು ಬೋಳಾಯಿತು. ಹಳೆಯ ಗೆಡ್ಡೆ ಸತ್ತು, ಹೊಸ ಮೊಳಕೆಗಳೆಲ್ಲ ಹೊರಕ್ಕೆ ಸರಿದು, ಮೇಲಿನಿಂದ ನೋಡಿದರೆ ಕೋಡುಬಳೆಯ ಹಾಗೆ ಕಾಣುತ್ತಿತ್ತು. ಹೂವೂ ಕಡಿಮೆಯಾಗಿತ್ತು. ಹೀಗಾದಾಗ ಬಿಡಿಸಿ ನೆಡಲೇಬೇಕು. ಗಡ್ಡದ ಐರಿಸ್ ಆದರೆ ಕೈಯಲ್ಲೇ ಕಿತ್ತು ಬರುತ್ತದೆ. ಇದು ಸುಲಭಕ್ಕೆ ನೆಲ ಬಿಡುವ ಜಾತಿಯಲ್ಲ. ಆಗಸ್ಟ್ ಕೊನೆಯ ಒಂದು ಮೋಡದ ದಿನ, ಎಲೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಸುತ್ತಲೂ ಅಗೆದೆವು. ಗುದ್ದಲಿ ಬೇರಿನ ಮೇಲೆ ಬಿದ್ದು ಪುಟಿಯುತ್ತಿತ್ತು. ಯಜಮಾನರು ಹಾರೆ ಹಾಕಿ ಮೀಟಿದರು, ನಾನು ಎದುರಿನಿಂದ ಎಳೆದೆ. ಕೊನೆಗೆ ಟಪಟಪನೆ ಬೇರು ಹರಿಯುವ ಸದ್ದಿನೊಂದಿಗೆ ಬಂಡಿಗಾಲಿಯಷ್ಟು ದೊಡ್ಡ ಮುದ್ದೆ ಎದ್ದು ಬಂತು. ಅದನ್ನು ಮರ ಕೊಯ್ಯುವ ಗರಗಸದಲ್ಲಿ ಕೊಯ್ದೆ. ಕೊಯ್ದ ಬಾಯಿಯಲ್ಲಿ ಕಂದು ನಾರು, ನಾರಿನ ನಡುವೆ ಬೆಳ್ಳಗಿನ ಹೊಸ ಬೇರು, ಮಳೆ ಬಂದು ನಿಂತ ಗದ್ದೆಯ ವಾಸನೆ.

ತುಂಡು ಬಹಳ ಸಣ್ಣದಾಗಬಾರದು. ಒಂದೆರಡು ಮೊಳಕೆಯದಾದರೆ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯುತ್ತದೆ. ಐದಾರು ಮೊಳಕೆಯಾದರೂ ಇರಬೇಕು. ಹಾಗೆ ಒಂಬತ್ತು ತುಂಡು ಸಿಕ್ಕವು. ಎಲ್ಲವನ್ನೂ ಬಕೆಟ್ ನೀರಿನಲ್ಲಿ ಇಳಿಸಿಟ್ಟೆ. ಒಂದು ಅದೇ ಜಾಗಕ್ಕೆ, ಹೊಸ ಮಣ್ಣು, ಗೊಬ್ಬರ ಹಾಕಿ. ಒಂದು ಮನೆಯ ಮುಂದಕ್ಕೆ. ಉಳಿದ ಏಳನ್ನು ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೆ. ಆ ವಾರ ಒಬ್ಬರ ಮನೆಯಲ್ಲಿ ಗಣೇಶನ ಹಬ್ಬದ ಊಟವಿತ್ತು. ಬಡಿಸುವುದು ಮುಗಿದ ಮೇಲೆ ನಾಲ್ಕು ಕಟ್ಟುಗಳು ಅಲ್ಲೇ ಖರ್ಚಾದವು. ಒಬ್ಬರು ಬೆಳ್ತಂಗಡಿಯವರು, ಒಬ್ಬರು ಧಾರವಾಡದವರು, ಉಳಿದಿಬ್ಬರನ್ನು ಕೇಳಲಿಲ್ಲ. ಧಾರವಾಡದವರು ಕಟ್ಟನ್ನು ಕೈಯಲ್ಲಿ ಹಿಡಿದು ಎಷ್ಟು ಆಳ, ಎಷ್ಟು ಬಿಸಿಲು ಎಂದು ಕೇಳಿ, ಮಾರನೆಯ ದಿನ ಮತ್ತೆ ಫೋನ್ ಮಾಡಿ ಕೇಳಿದರು. ಅಂಥವರ ಕೈಯಲ್ಲಿ ಗಿಡ ಬದುಕುತ್ತದೆ. ಬೇಲಿಯಾಚೆಯ ಹಿರಿಯಾಕೆಗೂ ಒಂದು ತುಂಡು ಒಯ್ದೆ. ಅವರ ಮೂಲ ಹಿಂಡಿಲು ಗ್ಯಾರೇಜು ದೊಡ್ಡದು ಮಾಡುವಾಗ ಹೋಗಿತ್ತು. ಅವರು ಏನೂ ಹೇಳದೆ ಕಟ್ಟಿನ ಬಾಯಿ ಬಿಡಿಸಿ, ಬೇರನ್ನು ಮುಟ್ಟಿ ನೋಡಿ, ‘ಒದ್ದೆ ಇದೆ’ ಅಂದರು.

ಅಕ್ಟೋಬರಿನಲ್ಲಿ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಕೆಲವರು ಆಗಲೇ ಕೊಯ್ದು ಹಾಕುತ್ತಾರೆ. ನಾನು ವಸಂತದವರೆಗೂ ಬಿಡುತ್ತೇನೆ, ಕಾಯಿಗಾಗಿ. ಹೂ ಉದುರಿದ ಕಡ್ಡಿಯ ತುದಿಯಲ್ಲಿ ಮೂರು ಮೂಲೆಯ ಕಾಯಿ ಬಲಿತು, ಕಂದಾಗಿ, ಮೇಲೆ ಮೂರು ಸೀಳಾಗಿ ಬಾಯಿ ಬಿಡುತ್ತದೆ. ಒಳಗೆ ಚಪ್ಪಟೆ ಕಪ್ಪು ಬೀಜ, ಸಾಲಾಗಿ ಪೇರಿಸಿಟ್ಟ ನಾಣ್ಯದ ಹಾಗೆ. ಒಂದೂವರೆ ಅಡಿ ಹಿಮ ಬಿದ್ದ ಮೇಲೂ ಈ ಕಡ್ಡಿಗಳು ಮೇಲೆ ತಲೆ ಹಾಕಿಕೊಂಡು ನಿಂತಿರುತ್ತವೆ.

ಹೋದ ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿದ್ದ ಬೆಳಿಗ್ಗೆ ಅಮ್ಮನ ಫೋನ್ ಬಂತು. ಅಲ್ಲಿ ರಾತ್ರಿ ಊಟ ಆಗಿತ್ತು, ಮಾವಿನ ಹೂ ಬಿಟ್ಟಿದೆಯಂತೆ. ಹಿತ್ತಲಲ್ಲಿ ಏನಿದೆ ಎಂದು ಕೇಳಿದಳು. ಏನೂ ಇಲ್ಲ, ಹಿಮ ಅಂದೆ. ಆಮೇಲೆ ಯಾಕೋ ಬೂಟು ಹಾಕಿ, ಫೋನ್ ಹಿಡಿದುಕೊಂಡೇ ಹೊರಗೆ ಹೋಗಿ, ಒಂದು ಕಾಯಿಯ ಕಡ್ಡಿಯನ್ನು ಹಿಡಿದು ಫೋನಿನ ಬಳಿ ಅಲುಗಿಸಿದೆ.

‘ಗಿಲಿಗಿಲಿ ಅಂತಿದ್ದಲೆ. ಬೀಜವಾ?’ ಅಂದಳು. ‘ನಾಕು ಕಳ್ಸು.’

ಅಲ್ಲಿ ಬರುವುದಿಲ್ಲ ಅಮ್ಮಾ, ಇದಕ್ಕೆ ಚಳಿ ಬೇಕು, ಚಳಿ ತಾಗದೆ ಬೀಜ ಮೊಳೆಯುವುದಿಲ್ಲ ಎಂದೆ. ಫ್ರಿಜ್ಜಿನಲ್ಲಿಟ್ಟರೆ ಎಂದು ಕೇಳಿದಳು. ನಿಜ, ಇಲ್ಲಿಯೂ ಒದ್ದೆ ಮರಳಿನಲ್ಲಿ ಬೆರೆಸಿ ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಮೊಳೆಸುವವರಿದ್ದಾರೆ. ಆದರೆ ಮೊಳೆತ ಮೇಲೆ ಗಿಡಕ್ಕೆ ವರ್ಷ ವರ್ಷವೂ ಚಳಿ ಬೇಕಲ್ಲ, ಗಿಡವನ್ನೇ ಫ್ರಿಜ್ಜಿನಲ್ಲಿಡಲಾಗುವುದಿಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನ್ನ ಬೆರಳು ಮರಗಟ್ಟುತ್ತಿತ್ತು.

‘ಇನ್ನೊಂದ್ಸಲ ಅಲ್ಲಾಡ್ಸು’ ಅಂದಳು.